ನಾಲ್ಕನೇ ಹಾಳೆಯ ನಾಲ್ಕು ಮಿಲಿಮೀಟರ್

2019ರ ಜೂನ್ 11, ಮಂಗಳವಾರ, ಬೆಳಗ್ಗೆ 10 ಗಂಟೆ 20 ನಿಮಿಷಕ್ಕೆ ಗಾಜಿನ ಕೆಲಸದವರು ನಮ್ಮ ಆಫೀಸಿನ ಬಾಗಿಲು ತಳ್ಳಿಕೊಂಡು ಬಂದರು. ಹೆಲ್ಮೆಟ್ಟನ್ನು ಆಫೀಸು ನಡೆಸುವ ನನ್ನ ಚಿಕ್ಕಪ್ಪನ ಮೇಜಿನ ಮೇಲಿಟ್ಟು, ಕೂರದೆಯೇ ಹೇಳಿದರು:

"ಸಾರ್, ಮೂರನೇ ಗಾಜು ಕೂರ್ತಾ ಇಲ್ಲ. ಎಂಟು ಮಿಲಿಮೀಟರ್ ಹೊರಗೇ ನಿಂತಿದೆ."

ಅದು ನಾವು ವಿನ್ಯಾಸ ಮಾಡಿದ ಮಕ್ಕಳ ಗ್ರಂಥಾಲಯ. ಮಹಡಿಯ ಅಂಚಿನಲ್ಲಿ, ಎರಡು ಕಂಬಗಳ ನಡುವೆ, ಮಕ್ಕಳು ಕೆಳಗೆ ಬೀಳದಂತೆ ಮೂರು ಗಾಜಿನ ಹಲಗೆಗಳ ತಡೆ. ಕಾಯಿಸಿ ಗಟ್ಟಿ ಮಾಡಿದ ಗಾಜು ಅದು. ಒಮ್ಮೆ ಹಾಗೆ ಮಾಡಿದ ಮೇಲೆ ಅಂಚನ್ನು ಕೂದಲೆಳೆಯಷ್ಟೂ ಉಜ್ಜುವಂತಿಲ್ಲ. ಇಡೀ ಹಲಗೆ ಪುಡಿಪುಡಿಯಾಗುತ್ತದೆ.

"ತಪ್ಪು ನಂದಲ್ಲ. ನಕ್ಷೆಯಲ್ಲಿ ಒಂದೊಂದು ಗಾಜು 1190, ಮಧ್ಯದ ಸಂದು 10. ಹತ್ತರ ರಬ್ಬರ್ ಪಟ್ಟಿನೂ ತಂದಿದ್ದೀನಿ. ನಕ್ಷೆ ಬಿಟ್ಟು ನಾನು ಒಂದು ಮೊಳೆನೂ ಹೊಡೆಯೋನಲ್ಲ."

ನಾವು ಕಳಿಸಿದ್ದ ಆರು ಹಾಳೆಗಳ ನಕ್ಷೆಯ ಕಂತೆಯಲ್ಲಿ ಗಾಜಿನದು ನಾಲ್ಕನೇ ಹಾಳೆ, ಬರೆದವರು ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ನಮ್ಮೆಲ್ಲರಿಗೂ ನಕ್ಷೆ ಬರೆಯಲು ಕಲಿಸಿದವರು, ಅದಕ್ಕೇ ಆ ಹೆಸರು. ಚಳಿಗಾಲದಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದ್ದೆವು.

"ನಾನು ಬರೆದದ್ದು 1186," ಎಂದರು ಮೇಷ್ಟ್ರು ತಮ್ಮ ಮೂಲೆಯಿಂದ. "ಸಂದು 12. ಕಂಬ ಎದ್ದ ಮೇಲೆ ನಾನೇ ಹೋಗಿ ಟೇಪು ಹಿಡಿದು ಬಂದಿದ್ದೀನಪ್ಪ. ಒಟ್ಟು 3582."

ಚಿಕ್ಕಪ್ಪ ಮೇಷ್ಟ್ರ ಕಂಪ್ಯೂಟರಿನಲ್ಲಿ ಅವರ ಫೈಲು ತೆಗೆಸಿದರು. ಅದರಲ್ಲಿ 1186 ಎಂದೇ ಇತ್ತು. ನನಗೆ ಹಾಯೆನಿಸುವಷ್ಟರಲ್ಲಿ ಚಿಕ್ಕಪ್ಪ ತೆರೆಯ ಮೂಲೆಗೆ ಬೆರಳಿಟ್ಟರು. ಕಂತೆ ಕಳಿಸಿ ತಿಂಗಳಾಗಿತ್ತು. ಈ ಫೈಲು ಉಳಿಸಿದ್ದು ಹಿಂದಿನ ದಿನ ಸಂಜೆ.

"ನಿನ್ನೆ ಸಂಜೆ ಇವರು ಫೋನ್ ಮಾಡಿ ಗಾಜು ಬಿಗಿ ಇದೆ ಅಂದಾಗ, ಫೋನ್ ಎತ್ತಿದ್ದು ನೀವೇ ಅಲ್ವಾ ಮೇಷ್ಟ್ರೇ?" ಚಿಕ್ಕಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲು ಕಷ್ಟವಾಗುತ್ತಿತ್ತು. "ತಪ್ಪು ಯಾರಿಗಾಗಲ್ಲ ಹೇಳಿ. ಆದ್ರೆ ಆಮೇಲೆ ತಿದ್ದಿ ಇಡೋದು... ಹೋಗಲಿ ಬಿಡಿ. ಎಪ್ಪತ್ತಾಯ್ತು ನಿಮಗೆ. ಕಣ್ಣಿಗೂ ಆಯಾಸ. ನಾಳೆಯಿಂದ ಮನೇಲಿ ಹಾಯಾಗಿರಿ."

"ಅರವತ್ತಾರು," ಎಂದರು ಮೇಷ್ಟ್ರು. ಮೇಜಿನ ಖಾನೆ ಎಳೆದು ಅಳತೆಪಟ್ಟಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದರು.

ಆಗ ಅಕ್ಕ ಎದ್ದಳು. ನನ್ನ ಒಡಹುಟ್ಟಿದ ಅಕ್ಕ. ಹೊರಗೆ ಹೋಗುವ ಪ್ರತಿ ನಕ್ಷೆಯನ್ನೂ ತಪಾಸಣೆ ಮಾಡುವವಳು. ತುರುಬಿನಲ್ಲಿ ಸದಾ ಒಂದು ಪೆನ್ಸಿಲ್. ಆಸ್ಪತ್ರೆಯ ನಕ್ಷೆಯಿಂದ ಕಾಣೆಯಾದ ಕೋಣೆಯನ್ನೂ, ಫ್ರಿಜ್ಜಿನಿಂದ ಕಾಣೆಯಾದ ನನ್ನ ಕೇಕನ್ನೂ ಅವಳು ಒಂದೇ ಗಾಂಭೀರ್ಯದಿಂದ ಪತ್ತೆ ಹಚ್ಚಿದ ಮೇಲೆ ಆಫೀಸಿನಲ್ಲಿ ಅವಳನ್ನು ಸಿಐಡಿ ಎನ್ನುತ್ತಿದ್ದರು. ಅವಳ ಎಲ್ಲ ಪತ್ತೇದಾರಿಗೂ ಟಾರ್ಚು ಹಿಡಿದವನು ನಾನೇ.

"ಮೇಷ್ಟ್ರೇ, ಮೂರು ಗಂಟೆವರೆಗೂ ಆ ಚೀಲ ತುಂಬಬೇಡಿ," ಎಂದಳು. "ಚಿಕ್ಕಪ್ಪ, ನೀವೂ ಅಲ್ಲೀತನಕ ಏನೂ ನಿರ್ಧಾರ ಮಾಡಬೇಡಿ." ಆಮೇಲೆ ಗಾಜಿನವರತ್ತ ತಿರುಗಿ, "ಸಂದು ಎಷ್ಟಕ್ಕೆ ಇಳಿದ್ರೆ ಅಪಾಯ?"

"ಐದಕ್ಕಿಂತ ಕಮ್ಮಿ ಆದ್ರೆ ಗಾಜಿಗೆ ಗಾಜು ತಾಗುತ್ತಮ್ಮ."

ಅಕ್ಕ ತಲೆಯಾಡಿಸಿ ಪುಟ್ಟಿಯ ಪಕ್ಕ ಕುರ್ಚಿ ಎಳೆದುಕೊಂಡಳು. ಪುಟ್ಟಿ ಚಿಕ್ಕಪ್ಪನ ಮಗಳು. ಆರು ಜನ ಬೇರೆ ಬೇರೆಯಾಗಿ ಬರೆದ ಹಾಳೆಗಳನ್ನು ಒಂದೇ ಫೈಲಿಗೆ ಸೇರಿಸಿ ಕಂತೆ ಮಾಡಿದವಳು ಅವಳು.

"ಹೇಗೆ ಸೇರಿಸಿದೆ, ಹೇಳು."

"ಯಾವಾಗಲೂ ಮಾಡೋ ಹಾಗೇ ಅಕ್ಕ. ಒಂದನೇ ಹಾಳೆ, ಅಂದ್ರೆ ಅಪ್ಪ ಬರೆದ ನಿವೇಶನದ್ದು, ಅದನ್ನ ತೆರೆದೆ. ಮಿಕ್ಕಿದ್ದನ್ನ ಅದರೊಳಗೆ ತಂದೆ. ಒಂದಂಕಿನೂ ಮುಟ್ಟಿಲ್ಲ, ದೇವರಾಣೆ." ಪುಟ್ಟಿಯ ಕಣ್ಣು ತುಂಬಿತ್ತು. "ಮೇಷ್ಟ್ರನ್ನ ಕಳಿಸಿದ್ರೆ ನಾನೂ ಹೋಗ್ತೀನಿ."

"ನೀನು ಹೋಗಿ ಏನ್ಮಾಡ್ತೀಯಾ? ಕೂತ್ಕೊ," ಎಂದು ಅಕ್ಕ ಕಂತೆಯ ಫೈಲನ್ನು ತೆರೆದಳು. ಕಳಿಸಿದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ನಾಲ್ಕನೇ ಹಾಳೆಯಲ್ಲಿ ಗಾಜು 1190, ಸಂದು 10, ಒಟ್ಟು 3580.

"ಅಂಕಿ ಮೇಲೆ ಯಾರೋ ಬೇರೆ ಅಂಕಿ ಟೈಪ್ ಮಾಡಿರಬೇಕು," ಎಂದೆ ನಾನು.

"ಮಾಡಿದ್ರೆ ಗುರುತು ಉಳಿಯುತ್ತೆ. ಒಂದೂ ಇಲ್ಲ ನೋಡು. ಮೊದಲು ಕೂಡಿಸು."

ಕೂಡಿಸಿದೆ. ಮೂರು 1190, ಎರಡು 10: ಒಟ್ಟು 3590 ಬರಬೇಕಿತ್ತು. ಹಾಳೆಯಲ್ಲಿದ್ದದ್ದು 3580.

"ಮೇಷ್ಟ್ರು ಕೂಡಿಸದೆ ಯಾವ ಹಾಳೆನಾದ್ರೂ ಕೊಟ್ಟಿದ್ದಾರಾ?" ಎಂದು ಕೇಳಿ ಅಕ್ಕ ನಕ್ಕಳು. "ಇನ್ನೊಂದು. ಪಕ್ಕದ ಟಿಪ್ಪಣಿ ಓದು."

'ಗಾಜಿನ ದಪ್ಪ 12' ಎಂದಿತ್ತು. ಅದು ಅಕ್ಷರವಾಗಿ ಟೈಪು ಮಾಡಿದ ಸಾಲು. ಆ ಹನ್ನೆರಡು ಹಾಗೇ ಉಳಿದಿತ್ತು. ಸಂದಿನ ಹನ್ನೆರಡು ಮಾತ್ರ ಹತ್ತಾಗಿತ್ತು. ಕೊನೆಗೆ ಅವಳು ಗಾಜಿನ ಗೆರೆಯನ್ನೇ ಅಳೆದಳು. ತೆರೆಯ ಮೇಲೆ ಮೂಡಿದ ಉದ್ದ ಕಂಡು ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕ ತುರುಬಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದಳು. ಪತ್ತೆಯಾಯಿತು ಎಂಬುದಕ್ಕೆ ಅವಳ ಸನ್ನೆ ಅದು.

ಮೂರು ಗಂಟೆಗೆ ಎಲ್ಲರೂ ಮೇಷ್ಟ್ರ ಮೇಜಿನ ಸುತ್ತ ಸೇರಿದೆವು. ಗಾಜಿನವರೂ ಕಾದಿದ್ದರು.

"ಮೊದಲು ನಿನ್ನೆ ಸಂಜೆ ವಿಷಯ," ಎಂದಳು ಅಕ್ಕ. "ಮೇಷ್ಟ್ರೇ, ನಿಮ್ಮ ಯಾವುದಾದರೂ ಹಳೇ ಫೈಲು ತೆರೆದು, ಮುಚ್ಚಿ."

ಮೇಷ್ಟ್ರು ತೆರೆದರು, ನೋಡಿದರು. ಮುಚ್ಚುವ ಮುನ್ನ ಅವರ ಎಡಗೈ ತಾನಾಗಿಯೇ ಕೀಲಿಗಳನ್ನು ಒತ್ತಿ ಉಳಿಸಿತು.

"ಏನೂ ತಿದ್ದಿಲ್ಲವಲ್ಲ, ಯಾಕೆ ಉಳಿಸಿದ್ರಿ?"

"ಹಿಂದೊಮ್ಮೆ ಕರೆಂಟು ಹೋಗಿ ಇಡೀ ಸೇತುವೆ ಕಳಕೊಂಡಿದ್ದೆನಮ್ಮ. ಅವತ್ತಿಂದ ಉಳಿಸದೆ ಮುಚ್ಚಲ್ಲ."

"ನಿನ್ನೆ ಫೋನ್ ಬಂದಾಗ ಇವರು ಹಾಳೆ ತೆರೆದು ನೋಡಿದ್ರು, ಅಷ್ಟೆ. ಇದಕ್ಕೆ ಪುರಾವೆ ಕಂತೆಯಲ್ಲೇ ಇದೆ. ತಿಂಗಳಿಂದ ಯಾರೂ ಮುಟ್ಟದ ಆ ಫೈಲಿನಲ್ಲಿ ಗಾಜಿನ ಗೆರೆ ಇವತ್ತಿಗೂ 1186 ಉದ್ದ. ಪುಟ್ಟಿ ಸೇರಿಸೋ ದಿನವೇ ಮೇಷ್ಟ್ರ ಹಾಳೆ ಸರಿ ಇತ್ತು. ಗೆರೆ ಬದಲಾಗಿಲ್ಲ, ಮೇಲಿನ ಅಂಕಿ ಬದಲಾಗಿದೆ."

"ಗೆರೆ ಒಂದು, ಅಂಕಿ ಇನ್ನೊಂದು ಹೇಗಾಗುತ್ತೆ?" ಎಂದರು ಚಿಕ್ಕಪ್ಪ.

"ಅಂಕಿಯನ್ನ ನಾವು ಬರೆಯಲ್ಲ, ಗೆರೆ ಅಳೆದು ಕಂಪ್ಯೂಟರೇ ಬರೆಯುತ್ತೆ. ಹೇಗೆ ಬರೀಬೇಕು ಅನ್ನೋ ನಿಯಮ ಪ್ರತಿ ಫೈಲಿನಲ್ಲೂ ಇರುತ್ತೆ. ಆರು ಹಾಳೆನೂ ನಮ್ಮ ಒಂದೇ ಮಾದರಿಯಿಂದ ಹುಟ್ಟಿದ್ದು, ಆದ್ದರಿಂದ ಆರರಲ್ಲೂ ಅದೇ ಹೆಸರಿನ ನಿಯಮ. ಸೇರಿಸುವಾಗ ಮೊದಲು ತೆರೆದ ಫೈಲಿನ ನಿಯಮವೇ ಯಜಮಾನ. ಆಮೇಲೆ ಬಂದವರೆಲ್ಲ ಅದಕ್ಕೆ ತಲೆಬಾಗಬೇಕು. ಆ ಮೊದಲ ಫೈಲಿನಲ್ಲಿ ಒಬ್ಬರು ಒಂದು ಸಣ್ಣ ಬದಲಾವಣೆ ಮಾಡಿದ್ರು: ಎಲ್ಲ ಅಳತೆನೂ ಹತ್ತಿರದ ಹತ್ತಕ್ಕೆ ತಂದು ತೋರಿಸು ಅಂತ. 1186 ಹೋಗಿ 1190, 12 ಹೋಗಿ 10, 3582 ಹೋಗಿ 3580. ಅದಕ್ಕೇ ಕೂಡಿಸಿದ್ರೆ ತಾಳೆ ಆಗಲ್ಲ. ಮಿಕ್ಕ ಹಾಳೆಗಳು ಪಾರಾದದ್ದು ಗೋಡೆ 230, ಕಂಬ 450 ಅಂತ ಮೊದಲೇ ಸೊನ್ನೆಯಲ್ಲಿ ಮುಗೀತಿದ್ದರಿಂದ."

ಚಿಕ್ಕಪ್ಪ ನಿಧಾನವಾಗಿ ಕನ್ನಡಕ ತೆಗೆದರು.

"ಮಣ್ಣು ಅಗೆಯೋರಿಗೆ ಮಿಲಿಮೀಟರ್ ಯಾಕೆ ಅಂತ..." ಎಂದರು.

"ನಿವೇಶನದ ಹಾಳೆಗೆ ಅದು ಸರಿಯೇ ಚಿಕ್ಕಪ್ಪ. ಬೆಳಗ್ಗೆ ಅರವತ್ತಾರನ್ನ ಎಪ್ಪತ್ತು ಮಾಡಿದ ಕೈಯೇ ಇದನ್ನೂ ಮಾಡಿದ್ದು ಅಂತ ನಂಗೆ ಆಗಲೇ ಅನ್ನಿಸ್ತು." ಅಕ್ಕನ ದನಿ ಮೆತ್ತಗಾಯಿತು. "ನೀವೊಬ್ಬರೇ ಅಲ್ಲ. ನಾನು ಹಾಳೆಗಳನ್ನ ಬಿಡಿಬಿಡಿಯಾಗಿ ತಪಾಸಣೆ ಮಾಡಿದೆ. ಸೇರಿಸಿದ ಮೇಲೆ ಆರು ಇದೆಯಾ ಅಂತ ಎಣಿಸಿದೆ, ಅಷ್ಟೆ. ಇನ್ಮೇಲೆ ಮೊದಲು ಸೇರಿಸೋದು, ಆಮೇಲೆ ತಪಾಸಣೆ."

ಚಿಕ್ಕಪ್ಪ ಎದ್ದು ಮೇಷ್ಟ್ರ ಚೀಲ ತೆಗೆದುಕೊಂಡರು. ಅಳತೆಪಟ್ಟಿಗಳನ್ನು ಒಂದೊಂದಾಗಿ ಹೊರತೆಗೆದು ಮತ್ತೆ ಖಾನೆಯಲ್ಲಿ ಜೋಡಿಸಿದರು. "ಕಣ್ಣು ಮಂಜಾಗಿದ್ದು ನಂದು, ಮೇಷ್ಟ್ರೇ. ಎಲ್ಲರೆದುರಿಗೇ ಅಂದುಬಿಟ್ಟೆ. ಎಲ್ಲರೆದುರಿಗೇ ಕೇಳ್ತೀನಿ, ಕ್ಷಮಿಸಿ."

ಮೇಷ್ಟ್ರು ಖಾನೆ ನೋಡಿ, "ಉದ್ದದ್ದು ಎಡಕ್ಕಿಡಬೇಕು," ಎಂದು ಮತ್ತೊಮ್ಮೆ ಜೋಡಿಸಿಕೊಂಡರು. ಆಮೇಲೆ ಗಾಜಿನವರತ್ತ ತಿರುಗಿದರು. "ಮೂರು ಗಾಜು 3570. ನನ್ನ ಜಾಗ 3582. ಉಳಿದ ಹನ್ನೆರಡನ್ನ ಎರಡು ಸಂದಿಗೆ ಹಂಚಿದ್ರೆ? ನೀವು ಐದು ಸಾಕು ಅಂದ್ರಲ್ಲ."

ಗಾಜಿನವರು ಹೆಲ್ಮೆಟ್ ಎತ್ತಿಕೊಂಡರು. "ಸಾಕು ಸಾರ್. ನಕ್ಷೆ ತಿದ್ದಿ ಕೊಡಿ, ಕೂರಿಸ್ತೀನಿ."

ಕಟ್ಟಡದ ಬಲಾಬಲ ಲೆಕ್ಕ ಹಾಕುವವನು ನಾನು. ಲೆಕ್ಕ ನೋಡಿ ಒಪ್ಪಿದೆ. ಮೇಷ್ಟ್ರು ಹಾಳೆ ತಿದ್ದಿದರು. ಪುಟ್ಟಿ ಸೇರಿಸಿದಳು, ಈ ಸಲ ಮಾದರಿಯ ಖಾಲಿ ಫೈಲಿನೊಳಗೆ. ಅಕ್ಕ ಕೂಡಿಸಿ ನೋಡಿದಳು.

ಮುಂದಿನ ವಾರ ಎಲ್ಲರೂ ಗ್ರಂಥಾಲಯಕ್ಕೆ ಹೋದೆವು. ಮೂರನೇ ಗಾಜು ಸದ್ದಿಲ್ಲದೆ ತನ್ನ ಜಾಗಕ್ಕೆ ಇಳಿಯಿತು.

"ಸಂದು ಹೆಚ್ಚು ಕಮ್ಮಿ ಒಂದು ಹತ್ತು ಇರಬಹುದಾ ಮೇಷ್ಟ್ರೇ?" ಎಂದರು ಚಿಕ್ಕಪ್ಪ, ಪುಟ್ಟಿಗೆ ಕಣ್ಣು ಮಿಟುಕಿಸಿ.

ಮೇಷ್ಟ್ರು ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು, ಕನ್ನಡಕ ಹಣೆಗೇರಿಸಿ, ಎರಡು ಗಾಜುಗಳ ನಡುವೆ ಹಿಡಿದು ಓದಿದರು. ಆರು ಮಿಲಿಮೀಟರ್.