ಮರುಕಳಿಸಲಿಲ್ಲ

ಅವಳಿಗೆ ಕಾಯಂ ಕೆಲಸ ಇರಲಿಲ್ಲ.

ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಇತ್ತು. ಬೆರಳ ತುದಿಯಲ್ಲಿ ಆಸಿಡ್ ಸುಟ್ಟ ಎರಡು ಕಲೆ ಇದ್ದವು. ಆರು ತಿಂಗಳಿಗೊಮ್ಮೆ ನವೀಕರಿಸಬೇಕಾದ ಗುರುತಿನ ಚೀಟಿ ಇತ್ತು.

"ಪಿಎಚ್‌ಡಿ ಮಾಡಿದೋಳಿಗೆ ಆರು ತಿಂಗಳ ಕೆಲಸ. ನಮ್ಮ ಆಸ್ಪತ್ರೇಲಿ ಲಿಫ್ಟ್ ಒತ್ತೋನಿಗೆ ಪೆನ್ಷನ್!" ಎನ್ನುತ್ತಿದ್ದಳು ಅಕ್ಕ. ಅಕ್ಕ ನರ್ಸ್. ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದರು.

ಸರ್ಕಾರದ ಪ್ರಕಟಣೆ ಬಂದ ದಿನ ಅವಳು ಅದನ್ನು ಮೂರು ಸಲ ಓದಿದಳು. ಎರಡು ಪ್ರಯೋಗಾಲಯಗಳು ಕೈಜೋಡಿಸಿ ಅರ್ಜಿ ಹಾಕಬೇಕು. ಆಯ್ಕೆಯಾದರೆ ಜಂಟಿ ಸಂಶೋಧನಾ ಕೇಂದ್ರ, ಐದು ವರ್ಷ ಅನುದಾನ, ಒಂಬತ್ತು ಹೊಸ ಹುದ್ದೆ.

ಅವಳ ಪ್ರಯೋಗಾಲಯದ ಮುಖ್ಯಸ್ಥೆ, ಮೇಡಂ, ಇನ್ನೊಂದು ಊರಿನ ಪ್ರಯೋಗಾಲಯವನ್ನು ಜೊತೆಗೆ ಸೇರಿಸಿಕೊಂಡರು. ಮೊದಲ ಸಭೆಗೆ ಅಲ್ಲಿಂದ ಅವನು ಬಂದ.

ಎತ್ತರದ ಆಳು, ಮಡಿಸಿದ ತೋಳು, ಜೋರು ದನಿ. ಬೇಗ ಹೊತ್ತಿಕೊಳ್ಳುತ್ತಾನೆಂದು ಅವನ ಕಡೆಯವರು ಅವನನ್ನು ‘ಬರ್ನರ್’ ಎಂದು ಕರೆಯುತ್ತಿದ್ದರು. ಔಷಧಿ ತಯಾರಿಕೆಗೆ ಬೇಕಾದ ಒಂದು ರಾಸಾಯನಿಕ ಕ್ರಿಯೆಗೆ ಎಲ್ಲರೂ ದುಬಾರಿ ಲೋಹ ಬಳಸುತ್ತಿದ್ದರು. ಅವನು ಲೋಹವೇ ಇಲ್ಲದೆ ಅದನ್ನು ಮಾಡಿದ್ದ. ನೂರಕ್ಕೆ ತೊಂಬತ್ತೊಂದು ಇಳುವರಿ! ಇಡೀ ಅರ್ಜಿ ನಿಂತದ್ದು ಅದರ ಮೇಲೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕೈ ಎತ್ತಿದಳು.

"ಎಷ್ಟು ಸಲ ಮಾಡಿದ್ದೀರಿ?"

"ಹನ್ನೆರಡು."

"ಎಷ್ಟು ಜನ ಮಾಡಿದ್ದೀರಿ?"

"ನಾನೊಬ್ಬನೇ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು.

ಚಹಾ ಹೊತ್ತಿನಲ್ಲಿ ಅವನು ನೇರ ಅವಳ ಮುಂದೆ ಬಂದು ನಿಂತ. "ನನ್ನ ಮೇಲೆ ನಂಬಿಕೆ ಇಲ್ವಾ ನಿಮಗೆ?"

"ಇವತ್ತೇ ನೋಡಿದ್ದು. ಇಷ್ಟು ಬೇಗ ಎಲ್ಲಿಂದ ಬರುತ್ತೆ?"

"ಸಕ್ಕರೇನೂ ತೂಕ ಮಾಡೇ ಹಾಕ್ಕೊಳ್ತೀರೇನೋ?"

"ನಿಮ್ಮ ಹಾಗೆ ಕಣ್ಣಳತೇಲಿ ಹಾಕಲ್ಲ."

ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಅವಳಿಗೆ ನಗಬಾರದು ಎನ್ನಿಸಿತು. ಆದರೂ ನಕ್ಕಳು...

ಅರ್ಜಿ ನೂರಾ ಹನ್ನೆರಡು ಪುಟ. ಇಬ್ಬರೂ ಸೇರಿ ಬರೆದರು, ಅವನು ಅಲ್ಲಿ, ಅವಳು ಇಲ್ಲಿ, ಒಂದೇ ಕಡತದಲ್ಲಿ. ಅವನು ‘ಕ್ರಾಂತಿಕಾರಿ’ ಎಂದು ಬರೆಯುತ್ತಿದ್ದ. ಅವಳು ಹೊಡೆದು ‘ಉಪಯುಕ್ತ’ ಎಂದು ಹಾಕುತ್ತಿದ್ದಳು. ಎರಡನೇ ತಿಂಗಳಿಗೆ ‘ನೀವು’ ಹೋಗಿ ‘ನೀನು’ ಬಂತು. ಮೂರನೇ ತಿಂಗಳಿಗೆ ಅವನು ಭಾನುವಾರಗಳಲ್ಲಿ ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬರತೊಡಗಿದ.

"ಕೇಂದ್ರ ಬಂದ್ರೆ ಇಬ್ರಿಗೂ ಒಂದೇ ಊರಲ್ಲಿ ಕೆಲಸ," ಎಂದ ಒಂದು ಭಾನುವಾರ. "ಆಮೇಲೆ ಮದುವೆ."

"ಬರದಿದ್ರೆ?"

"ಅಪಶಕುನ ನುಡೀಬೇಡ ಕಣೇ!"

ಈ ಅನುದಾನಕ್ಕೆ ಒಂದು ಷರತ್ತಿತ್ತು. ಒಂದು ಪ್ರಯೋಗಾಲಯದ ಮುಖ್ಯ ಫಲಿತಾಂಶವನ್ನು ಜೊತೆಗಾರ ಪ್ರಯೋಗಾಲಯ ತನ್ನದೇ ಪಾತ್ರೆ, ತನ್ನದೇ ಸಾಮಗ್ರಿಯಲ್ಲಿ ಮಾಡಿ ನೋಡಬೇಕು. ಕೊನೆಯ ಪುಟದಲ್ಲಿ ಎರಡು ಚೌಕ: ‘ಮರುಕಳಿಸಿತು’, ‘ಮರುಕಳಿಸಲಿಲ್ಲ’. ಮಾಡಿದವರ ಸಹಿ ಬೇಕು.

ಅವನ ಪ್ರಯೋಗವನ್ನು ಮಾಡಿ ನೋಡುವ ಕೆಲಸ ಅವಳ ಪಾಲಿಗೆ ಬಂತು.

ಹೊಸ ಫ್ಲಾಸ್ಕು. ಹೊಸ ಬಾಟಲಿಯ ದ್ರಾವಕ. ಅವನು ಬರೆದಿದ್ದ ತೂಕ, ಶಾಖ, ಸಮಯ. ಏನೂ ಆಗಲಿಲ್ಲ. ಸುರಿದದ್ದೇ ವಾಪಸ್ ಸಿಕ್ಕಿತು.

ಆರು ಸಲ ಮಾಡಿದಳು. ಆರು ಸಲವೂ ಸೊನ್ನೆ.

"ನೀನು ಎಲ್ಲೋ ತಪ್ಪು ಮಾಡ್ತಿದ್ದೀಯ," ಎಂದ ಅವನು ಫೋನಿನಲ್ಲಿ. "ನನ್ನ ಸಾಮಾನು ತರ್ತೀನಿ. ಅದರಲ್ಲೇ ಮಾಡು."

"ನಿಯಮದಲ್ಲಿ ಇಲ್ಲ."

"ನಿಯಮ, ನಿಯಮ! ಹನ್ನೆರಡು ಸಲ ಕಣ್ಣಾರೆ ಕಂಡಿದ್ದೀನಿ. ನನ್ನ ಮೇಲೆ ನಂಬಿಕೆ ಇಟ್ಟು ಸಹಿ ಹಾಕು."

*ಹಾಗಾದರೆ ಇವನು ಅಂಕಿ ಸೃಷ್ಟಿಸಿದ್ದಾನೆ... ನನ್ನಿಂದ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳಲು ಭಾನುವಾರಗಳಲ್ಲಿ ಬಸ್ಸು ಹತ್ತಿದನೇ?*

ಕೇಳಬಹುದಿತ್ತು. ಕೇಳಲಿಲ್ಲ.

ಅರ್ಜಿಯ ಕೊನೆಯ ದಿನ ಬೆಳಿಗ್ಗೆ ಮೇಡಂ ಕಾಗದವನ್ನು ಅವಳ ಮುಂದಿಟ್ಟರು. "ಒಂಬತ್ತು ಜನರ ಅನ್ನ ಇದೆ ಇದರಲ್ಲಿ. ಅದರಲ್ಲಿ ನಿಂದೂ ಒಂದು. ನಾನು ಇನ್ನೇನೂ ಹೇಳಲ್ಲಮ್ಮ."

ಹೇಳಬೇಕಾದ್ದೆಲ್ಲ ಹೇಳಿ ಆಗಿತ್ತು. ಅವಳು ಎರಡನೇ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಿದಳು. ಮೇಡಂ ಅದನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಹಾಗೆಯೇ ಕಳಿಸಿದರು.

ಆರು ವಾರಕ್ಕೆ ಎರಡು ಸಾಲಿನ ಉತ್ತರ ಬಂತು. ಅರ್ಜಿ ಮೊದಲ ಸುತ್ತಿನಲ್ಲೇ ತಿರಸ್ಕೃತ.

ಅದೇ ವಾರ ಮೇಡಂಗೆ ಬೇರೊಂದು ಸಣ್ಣ ಯೋಜನೆ ಮಂಜೂರಾಯಿತು. ಸುದ್ದಿ ಅವನ ಊರಿಗೆ ತಲುಪಿತು. ಅವನು ಫೋನ್ ಮಾಡಿದ.

"ನಮ್ಮ ಅರ್ಜಿ ಕೆಡಿಸೋಕೆ ಎಷ್ಟಕ್ಕೆ ಮಾರ್ಕೊಂಡೆ? ನಿಮ್ಮ ಮೇಡಂ ಒಳ್ಳೆ ಹುದ್ದೆ ಕೊಟ್ರಾ?"

ಆ ಯೋಜನೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ಅವಳ ಗುರುತಿನ ಚೀಟಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅದನ್ನು ಹೇಳಿದ್ದರೆ ಸಾಕಿತ್ತು...

"ಹೌದು," ಎಂದಳು. "ತುಂಬಾ ಒಳ್ಳೆ ಹುದ್ದೆ."

ಫೋನಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದಳು. ಎಷ್ಟು ತೊಳೆದರೂ ಮುಖ ಒದ್ದೆಯಾಗಿಯೇ ಇತ್ತು. ಹೊರಗಿನಿಂದ ಅಕ್ಕ ಹೇಳಿದಳು, "ಟ್ಯಾಂಕಲ್ಲಿ ನೀರು ಖಾಲಿ ಆಗುತ್ತೆ ಕಣೇ. ಹೊರಗೆ ಬಂದು ಅಳು."

ಆಮೇಲೆ ಅವಳು ಬಣ್ಣದ ಕಾರ್ಖಾನೆಯೊಂದಕ್ಕೆ ಸೇರಿದಳು. ದಿನಕ್ಕೆ ಎಂಬತ್ತು ಡಬ್ಬದ ಬಣ್ಣ ಒಣಗಿಸಿ, ಕೆರೆದು, ಸರಿ ಇದೆ ಎಂದು ಬರೆಯುವ ಕೆಲಸ. ಅಲ್ಲಿ ಪ್ರಶ್ನೆ ಕೇಳಲು ಯಾರೂ ಕೈ ಎತ್ತುತ್ತಿರಲಿಲ್ಲ.

ಆ ಫೋನ್ ಕರೆಯಾಗಿ ಹದಿನಾರು ತಿಂಗಳಾದ ಮೇಲೆ, ಊಟದ ಬಿಡುವಿನಲ್ಲಿ, ಕಾವಲುಗಾರ ಬಂದು ಕರೆದ. "ಮೇಡಂ, ಗೇಟ್ ಹತ್ರ ಯಾರೋ ಬಂದಿದ್ದಾರೆ. ಒಳಗೆ ಬಿಡಲ್ಲ ಅಂದೆ. ಬಿಸಿಲಲ್ಲೇ ನಿಂತಿದ್ದಾರೆ."

ಅವನು ಇಳಿದುಹೋಗಿದ್ದ. ಜೋರು ದನಿ ಇರಲಿಲ್ಲ.

"ಇಲ್ಲಿದ್ದೀಯ ಅಂತ ನಿನ್ನ ಅಕ್ಕ ಹೇಳಿದ್ರು. ಬೈದು ಹೇಳಿದ್ರು. ಆ ಯೋಜನೇಲಿ ನೀನಿರ್ಲಿಲ್ಲ ಅಂತಾನೂ ಆಗಲೇ ಗೊತ್ತಾಗಿದ್ದು."

"ಇಪ್ಪತ್ತು ನಿಮಿಷ ಇದೆ. ಬಂದ ವಿಷಯ ಹೇಳು."

"ನಮ್ಮ ಸರ್ ನಿವೃತ್ತರಾದ್ರು. ಲ್ಯಾಬ್ ಖಾಲಿ ಮಾಡ್ಸಿ ನನ್ನ ಬೇರೆ ಕೋಣೆಗೆ ಹಾಕಿದ್ರು. ಅಲ್ಲಿ ಎಲ್ಲ ಹೊಸದು. ಅದೇ ಪ್ರಯೋಗ ಮಾಡ್ದೆ... ಸೊನ್ನೆ. ಮೂರು ಸಲ ಸೊನ್ನೆ."

ಅವಳು ಅವನನ್ನು ಗೇಟಿನ ಗೋಡೆಯ ನೆರಳಿಗೆ ಕರೆದಳು.

"ಹಳೇ ಡಬ್ಬ ಹುಡುಕಿ ಒಂದೊಂದೇ ಸಾಮಾನು ಬದಲಾಯಿಸ್ತಾ ಬಂದೆ. ಕೊನೆಗೆ ಸಿಕ್ಕಿದ್ದು ಮ್ಯಾಗ್ನೆಟಿಕ್ ಬೀಡ್."

ಫ್ಲಾಸ್ಕಿನೊಳಗೆ ತಿರುಗುತ್ತಾ ದ್ರಾವಣ ಕಲಕುವ, ಪ್ಲಾಸ್ಟಿಕ್ ಹೊದಿಕೆಯ ಪುಟ್ಟ ಆಯಸ್ಕಾಂತದ ತುಂಡು ಅದು. ಯಾರೂ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ತೊಳೆಯುತ್ತಾರೆ, ಮತ್ತೆ ಹಾಕುತ್ತಾರೆ.

"ಹನ್ನೆರಡು ಸಲವೂ ಅದೇ ಬೀಡ್ ಹಾಕಿದ್ದೆ," ಎಂದ ಅವನು. "ಅದರ ಹೊದಿಕೆ ಬಿರುಕು ಬಿಟ್ಟಿತ್ತು. ಬಿರುಕಲ್ಲಿ ಲೋಹ ಕೂತಿತ್ತು. ನನಗಿಂತ ಮುಂಚೆ ಇದ್ದ ಯಾವನೋ ವಿದ್ಯಾರ್ಥಿ ಬಳಸಿದ ಲೋಹ. ಕೆಲಸ ಮಾಡ್ತಿದ್ದದ್ದು ಅದು. ನಾನು ಲೋಹ ಇಲ್ಲ, ಲೋಹ ಇಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀತಿದ್ದೆ."

ಅವಳು ಗೋಡೆಗೆ ಒರಗಿದಳು.

"ಅಂದ್ರೆ... ನೀನು ಅಂಕಿ ಸೃಷ್ಟಿಸಿರ್ಲಿಲ್ಲ?"

ಅವನು ತಲೆ ಎತ್ತಿದ. ಆ ಪ್ರಶ್ನೆ ಅವನು ಎಣಿಸಿರಲಿಲ್ಲ. "ಹಾಗಂದ್ಕೊಂಡಿದ್ದಾ?"

"ಹದಿನಾರು ತಿಂಗಳಿಗೂ ಹೆಚ್ಚು. ದಿನಾ."

"ನೀನು ಮಾರ್ಕೊಂಡೋಳು ಅಂತ ನಾನಂದ್ಕೊಂಡಿದ್ದೆ."

"ಗೊತ್ತು. ನಾನೇ ಹೌದು ಅಂದಿದ್ನಲ್ಲ."

ಲಾರಿಯೊಂದು ಹಾರ್ನ್ ಹೊಡೆಯಿತು. ಇಬ್ಬರೂ ಗೇಟಿನಿಂದ ಸರಿದು ನಿಂತರು. ಕೇಂದ್ರ ಬಂದಿದ್ದರೂ ಒಂದೇ ವರ್ಷದಲ್ಲಿ ತಪ್ಪು ಹೊರಬಿದ್ದು ಮುಚ್ಚುತ್ತಿತ್ತು. ಅದು ಇಬ್ಬರಿಗೂ ತಿಳಿದಿತ್ತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಕೇಂದ್ರ ಹೋಗುವುದಿತ್ತು, ಹೋಯಿತು. ಅದರ ಜೊತೆ ತಾವೂ ಹೋಗಬೇಕಿರಲಿಲ್ಲ.

"ಬಂದದ್ದು ಕ್ಷಮೆ ಕೇಳೋಕಾ, ಮದುವೆ ಕೇಳೋಕಾ?" ಎಂದಳು.

"ಎರಡೂ... ಒಂದೇ ಬಸ್ ಚಾರ್ಜಲ್ಲಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು.

"ಕ್ಷಮೆ ನಾನೂ ಕೇಳ್ಬೇಕು. ಅದಕ್ಕೆ ಅದು ಸರಿಹೋಯ್ತು. ಇನ್ನೊಂದಕ್ಕೆ ಇವತ್ತು ಉತ್ತರ ಇಲ್ಲ. ನಿನ್ನ ಮೇಲೆ ಆಸೆ ಇದೆ ಕಣೋ. ನಂಬಿಕೆ ಮತ್ತೆ ಒಂದರಿಂದ ಶುರು ಮಾಡ್ಬೇಕು."

"ಎಷ್ಟು ದಿನ?"

"ನನಗೂ ಗೊತ್ತಿಲ್ಲ. ಭಾನುವಾರ ಬಾ."

"ಅಕ್ಕ ಬಾಗಿಲು ತೆಗೀತಾರಾ?"

"ತೆಗೀತಾಳೆ. ಪೊರಕೆ ಹಿಡ್ಕೊಂಡು."

ಅವನ ಕಣ್ಣಲ್ಲಿ ನೀರಿತ್ತು. ಅವಳು ಬಣ್ಣ ಮೆತ್ತಿದ ಕೈಯಿಂದಲೇ ಅದನ್ನು ಒರೆಸಿದಳು. ಬಿಡುವಿನ ಗಂಟೆ ಹೊಡೆಯಿತು. ಅವಳು ಒಳಗೆ ಹೋದಳು.

ಒಟ್ಟು ಹೋದದ್ದು: ಒಂದು ಕೇಂದ್ರ, ಒಂಬತ್ತು ಕೆಲಸ, ನೂರಾ ಹನ್ನೆರಡು ಪುಟ, ಅರವತ್ತೊಂಬತ್ತು ಭಾನುವಾರ.