ನೆತ್ತಿಯ ಹೆಂಚಿನ ಕೆಳಗೆ ಹತ್ತಿ

ಹೆಂಚು ಎತ್ತಿದರೆ ಕೆಳಗೆ ಎರಡು ಕಣ್ಣು.

ಹೆಂಚಿನವನ ಕೈ ಅಲ್ಲೇ ನಿಂತಿತು. ಹದಿನೇಳು ವರ್ಷಗಳಿಂದ ಮಾಡು ಹತ್ತುತ್ತಿದ್ದ ಅವನು ಹೆಂಚಿನ ಕೆಳಗೆ ಹಲ್ಲಿ ಕಂಡಿದ್ದ, ಜೇನುಗೂಡು ಕಂಡಿದ್ದ, ಒಮ್ಮೆ ಕಣ್ಣು ಬಿಡದ ಬೆಕ್ಕಿನ ಮರಿಗಳನ್ನೂ ಕಂಡಿದ್ದ. ಹೆಣ್ಣಿನ ಮುಖ ಕಂಡಿರಲಿಲ್ಲ. ಅಟ್ಟದ ಕತ್ತಲಲ್ಲಿ ಕತ್ತೆತ್ತಿ ನಿಂತಿದ್ದವಳ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಮೇಲ್ದುಟಿಯ ಸಣ್ಣ ಬೆವರಿನ ಮೇಲೆ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು.

“ಬೆಳಕಿಗೆ ಅಡ್ಡ ನಿಂತಿದ್ದೀಯ,” ಎಂದಳು. “ಒಂದೋ ಮುಚ್ಚು, ಇಲ್ಲ ಪೂರ್ತಿ ತೆಗಿ.”

ಅವನು ಮುಚ್ಚಿದ. ಮುಚ್ಚಿದ ಮೇಲೆ, ತೆಗೆಯಬಹುದಿತ್ತಲ್ಲ ಎನಿಸಿತು. ಅಷ್ಟರಲ್ಲಿ ಅವಳು ಹತ್ತಿಯ ಮೂಟೆ ಹೊತ್ತು ಅಟ್ಟ ಇಳಿದಾಗಿತ್ತು.

ಹತ್ತಿಯವಳು ಆ ಊರಿಗೆ ಬಂದದ್ದು ಅದೇ ವರ್ಷ. ಬಿಸಿಲು ಗಟ್ಟಿಯಾದ ಎರಡು ತಿಂಗಳು ಮನೆಯಿಂದ ಮನೆಗೆ ಹೋಗಿ ಹಳೆಯ ಹಾಸಿಗೆ ಬಿಚ್ಚುವುದು, ಗಂಟು ಕಟ್ಟಿದ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ ಬಿಡಿಸುವುದು, ಮತ್ತೆ ತುಂಬಿ ಹೊಲಿಯುವುದು. ಮೊದಲ ಮಳೆ ಬಿತ್ತೆಂದರೆ ಅವಳ ಸೀಸನ್ ಮುಗಿಯಿತು. ಒದ್ದೆ ಹತ್ತಿ ಬಿಲ್ಲಿಗೆ ಬಗ್ಗುವುದಿಲ್ಲ. ಅವನ ಕೆಲಸವೂ ಮಳೆಗೆ ಮುಂಚಿನ ಅದೇ ಎರಡು ತಿಂಗಳದು. ಹಾಗಾಗಿ ಅಂಗಳದಲ್ಲಿ ಅವಳು, ಮಾಡಿನ ಮೇಲೆ ಅವನು. ಅವಳ ಬಿಲ್ಲು ‘ಟೊಂಯ್’ ಎಂದಾಗಲೆಲ್ಲ ಅವನ ಕೈಯ ಹೆಂಚು ಒಂದು ಬೆರಳು ಪಕ್ಕಕ್ಕೆ ಸರಿಯುತ್ತಿತ್ತು. ಮತ್ತೆ ಅದನ್ನು ಎತ್ತಿ ನೇರ ಮಾಡುತ್ತಿದ್ದ.

ಎಲ್ಲವನ್ನೂ ನೇರ ಮಾಡುವವನು ಅವನು. ತಮ್ಮ ನೀರು ಕುಡಿಯುವ ಮೊದಲು ಕೋಲು ಹಾಕಿ ಆಳ ನೋಡುತ್ತಾನೆ ಎಂದು ಅಕ್ಕ ನೆರೆಯವರ ಮುಂದೆ ಹೇಳಿ ನಗುತ್ತಿದ್ದಳು. ಗಂಡನನ್ನು ಕಳೆದುಕೊಂಡ ಮೇಲೆ ಅವಳು ತಮ್ಮನ ಜೊತೆಗೇ ಇದ್ದಳು. ಅವನು ಕಳ್ಳ ಎಂಬ ಸಂಗತಿ ಅವಳಿಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಅಷ್ಟು ಹುಷಾರಿ.

ಅವನ ರೀತಿಯೇ ಬೇರೆ. ಹೆಂಚು ಸರಿಮಾಡಲು ಹೋದ ಮನೆಯಲ್ಲಿ ಒಂದೇ ಒಂದು ಸಣ್ಣ ವಸ್ತು. ಕೈ ಚಾಚುವ ಮೊದಲು ನಾಲ್ಕೂ ದಿಕ್ಕು ನೋಡುವುದು. ತೆಗೆದದ್ದನ್ನು ಮನೆಗೆ ಒಯ್ಯುವ ಮಾತೇ ಇಲ್ಲ; ಅದೇ ಮನೆಯ ಮಾಡಿನ ನೆತ್ತಿಯ ಹೆಂಚಿನ ಕೆಳಗೆ, ತೊಲೆಯ ಮೇಲೆ ಇಟ್ಟು, ಸುತ್ತ ಮಣ್ಣು ಮೆತ್ತಿ ಬರುವುದು. ಅವರ ಸಾಮಾನು ಅವರ ತಲೆಯ ಮೇಲೇ ಇರುತ್ತಿತ್ತು. ಒಂದು ತಿಂಗಳೊಳಗೆ ಗಲಾಟೆಯಾದರೆ ಅದನ್ನು ಅಲ್ಲೇ ಬಿಟ್ಟುಬಿಡುವುದು. ಸಿಕ್ಕಿದರೂ ಇಲಿ ಎಳೆದಿರಬೇಕು ಎನ್ನುತ್ತಾರೆ. ಮನೆಯವರು ಮರೆತರೆ, ‘ಹೆಂಚು ಹೇಗೆ ಕೂತಿದೆ ನೋಡಿ ಹೋಗ್ತೀನಿ’ ಎಂದು ಬಂದು ಜೇಬಿಗಿಳಿಸುವುದು. ಮಾರಿದರೆ ಸುದ್ದಿಯಾದೀತೆಂದು ಮಾರುತ್ತಲೂ ಇರಲಿಲ್ಲ. ವರ್ಷಗಳ ಗಳಿಕೆಯೆಲ್ಲ ಅವನ ಹಾಸಿಗೆಯೊಳಗೆ ಸೇರಿತ್ತು. ಅದರ ಮೇಲೆ ಮಲಗಿ ಮಲಗಿ ಬೆನ್ನು ನೋವು ಹಿಡಿದಿತ್ತು.

“ಸೊಂಟ ಹಿಡ್ಕೊಂಡು ನಡೀತೀಯಲ್ಲ,” ಎಂದಿದ್ದಳು ಹತ್ತಿಯವಳು ಒಂದು ದಿನ, ಹೊಲಿಗೆಯ ದಾರವನ್ನು ಹಲ್ಲಿನಲ್ಲಿ ಕಡಿಯುತ್ತ. “ಹಾಸಿಗೆ ಗಂಟು ಕಟ್ಟಿರಬೇಕು. ಕೊಡು, ಹಿಂಜಿ ಕೊಡ್ತೀನಿ. ನಿನಗೆ ಬಿಟ್ಟಿ.”

ಬೇಡ, ಹುಟ್ಟಿನಿಂದಲೇ ಬೆನ್ನು ಹಾಗೆ ಎಂದು ಅವನು ಬಡಬಡಿಸಿದ. ಅವಳು ದಾರದ ತುದಿಯನ್ನು ತುಟಿಯಲ್ಲೇ ಇಟ್ಟುಕೊಂಡು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆ ನೋಟ ಮೂರು ದಿನ ಅವನ ಕತ್ತಿನ ಹಿಂದೆ ಕೂತಿತ್ತು.

ಅವನು ಹೀಗೆ ಅಡಗಿಸಿಟ್ಟದ್ದರಲ್ಲಿ ಮೊದಲು ಕಾಣೆಯಾದದ್ದು ಮೇಷ್ಟ್ರ ಮನೆಯ ಬೆಳ್ಳಿ ಡಬ್ಬಿ. ತಿಂಗಳು ತುಂಬಿತೆಂದು ಹೋಗಿ ನೆತ್ತಿಯ ಹೆಂಚು ಎತ್ತಿದರೆ ಡಬ್ಬಿ ಇಲ್ಲ. ಅದಿದ್ದ ಜಾಗದಲ್ಲಿ ಒಂದು ಚಿಟಿಕೆ ಹತ್ತಿ. ಇಲಿ ಗೂಡು ಕಟ್ಟಿರಬೇಕು ಎಂದುಕೊಂಡ. ಇಲಿ ಬೆಳ್ಳಿ ತಿನ್ನುವುದಿಲ್ಲ ಎನ್ನುವುದು ಏಣಿಯ ಅರ್ಧ ಇಳಿದಾಗ ಹೊಳೆಯಿತು.

ಎರಡನೆಯದು ಡಾಕ್ಟರ ಜೇಬುಗಡಿಯಾರ. ಅಲ್ಲೂ ಹತ್ತಿ. ಈ ಸಲ ಅದನ್ನು ದುಂಡಗೆ ಉರುಟಿ, ನಡುವೆ ಬೆರಳಲ್ಲಿ ಒತ್ತಿ ಗುಳಿ ಮಾಡಿ, ಹಕ್ಕಿ ಮೊಟ್ಟೆಯಿಡುವ ಗೂಡಿನಂತೆ ಚೆಂದ ಮಾಡಿ ಇಟ್ಟಿತ್ತು.

ಮಾಡಿನ ಮೇಲೆ ಕೂತು ಅವನು ಕೆಳಗೆ ನೋಡಿದ. ಅಂಗಳದಲ್ಲಿ ಅವಳು ತಲೆ ಬಗ್ಗಿಸಿ ಬಿಲ್ಲು ಮಿಡಿಯುತ್ತಿದ್ದಳು. ಅವಳೇ. ಇನ್ನು ಯಾರು? ಆದರೆ ಕೇಳುವುದು ಹೇಗೆ? ಕೇಳಬೇಕಾದರೆ ಮೊದಲು ತಾನು ಅಲ್ಲಿ ಏನು ಇಟ್ಟಿದ್ದೆ ಎಂದು ಹೇಳಬೇಕು. ಕಳ್ಳನಿಗೆ ಚೇಳು ಕಡಿದ ಹಾಗೆ. ಚೇಳು ನಡುನಡುವೆ ತಲೆಯೆತ್ತಿ, ಕಣ್ಣಿಗೆ ಬಿದ್ದ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿ, ಬಾಯಾರಿಕೆ ಆಯಿತೇ ಎಂದು ವಿಚಾರಿಸುತ್ತಿತ್ತು.

ಕೋಪ ಬರಬೇಕಿತ್ತು. ಬಂತು ಕೂಡ. ಅವಳ ಮೇಲೆ ಮುಕ್ಕಾಲು, ಕೋಪದ ನಡುವೆಯೂ ಅವಳ ಮೊಣಕೈಯ ಹತ್ತಿಯನ್ನು ಗಮನಿಸಿದ ತನ್ನ ಮೇಲೆ ಕಾಲು.

ಮೋಡ ಕಟ್ಟತೊಡಗಿದಂತೆ ಅವನಿಗೆ ಇನ್ನೊಂದು ಸಂಕಟ ಶುರುವಾಯಿತು. ಮಳೆ ಬಂದರೆ ಅವಳು ಹೊರಟಳು. ಮುಂದಿನ ವರ್ಷ ಈ ಊರೋ ಬೇರೆಯೋ, ಅವಳನ್ನು ಕೇಳಿದರೆ ಗಾಳಿ ಕಡೆ ಕೈ ತೋರಿಸುತ್ತಿದ್ದಳು. ಹೇಳಬೇಕಾದ ಒಂದು ಮಾತು ಅವನಲ್ಲಿತ್ತು. ಅದನ್ನು ಬರಿಗೈಯಲ್ಲಿ ಹೇಳುವಷ್ಟು ಧೈರ್ಯಸ್ಥ ಅವನಲ್ಲ. ಅವಳ ಸೂಜಿಯ ಟಿನ್ನಿನಿಂದ, ಬೆರಳಿಗೆ ಚುಚ್ಚದಿರಲಿ ಎಂದು ಅವಳು ಹಾಕಿಕೊಳ್ಳುವ ಹಿತ್ತಾಳೆಯ ಟೊಪ್ಪಿಗೆಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಎತ್ತಿದ. ದಾರ ಸುತ್ತಿ ಅಳತೆ ತೆಗೆದುಕೊಂಡು ಮತ್ತೆ ಅಲ್ಲೇ ಇಟ್ಟ. ಆ ಅಳತೆಗೆ ಸರಿಯಾದ, ಹಸಿರು ಹರಳಿನ ಉಂಗುರ ಮೇಷ್ಟ್ರ ಹೆಂಡತಿಯ ಮೇಜಿನ ಮೇಲೆ ಸಿಕ್ಕಿತು. ಆ ಮನೆಯ ಹಾಸಿಗೆಗಳ ಕೆಲಸ ಮುಗಿದಿತ್ತು. ಹತ್ತಿಯವಳಿಗೆ ಇನ್ನು ಆ ಅಟ್ಟದಲ್ಲಿ ಕೆಲಸವಿಲ್ಲ ಎಂದು ಎರಡು ಸಲ ಖಚಿತ ಮಾಡಿಕೊಂಡೇ ಉಂಗುರವನ್ನು ನೆತ್ತಿಯ ಹೆಂಚಿನ ಕೆಳಗಿಟ್ಟ. ತಿಂಗಳು ಕಾಯಲು ಮಳೆ ಬಿಡುವುದಿಲ್ಲ. ಹತ್ತು ದಿನವಾದರೂ ಕಾಯೋಣ ಎಂದುಕೊಂಡ. ಅದೇ ಅವನ ಜೀವಮಾನದ ದೊಡ್ಡ ಸಾಹಸ.

ಒಂಬತ್ತನೆಯ ದಿನ ಊಟಕ್ಕೆ ಕೂತಾಗ ಅಕ್ಕ ಸುದ್ದಿ ತಂದಳು. ಮೇಷ್ಟ್ರ ಹೆಂಡತಿಯ ಉಂಗುರ ಕಳೆದಿತ್ತಂತೆ. ಒಂದು ದಿಂಬು ಬಿಟ್ಟುಹೋಗಿತ್ತು ಎಂದು ಹತ್ತಿಯವಳು ಮತ್ತೆ ಹೋಗಿದ್ದಳಂತೆ. ಬಿಚ್ಚಿದರೆ ದಿಂಬಿನೊಳಗೇ ಉಂಗುರವಂತೆ. ಕೈಯಾರೆ ತಂದು ಕೊಟ್ಟಳಂತೆ. ಬೆಳ್ಳಿ ಡಬ್ಬಿಯೂ ಹಾಗೇ ಸಿಕ್ಕಿತ್ತಂತೆ.

“ಇಂಥ ಪ್ರಾಮಾಣಿಕ ಹುಡುಗಿ ಈಗಿನ ಕಾಲದಲ್ಲಿ ಎಲ್ಲಿದ್ದಾಳೆ?” ಎಂದಳು ಅಕ್ಕ. “ಊರಲ್ಲಿ ಎಲ್ಲರೂ ಅವಳ ಕೈಗೆ ಬೀಗದ ಕೈ ಕೊಟ್ಟು ಕೆಲಸಕ್ಕೆ ಹೋಗ್ತಿದ್ದಾರೆ. ನೀನೂ ಇದ್ದೀಯ, ಎದುರಿಗೆ ಚಿನ್ನ ಬಿದ್ದಿದ್ರೂ ಕಣ್ಣಿಗೆ ಕಾಣಲ್ಲ.”

ಅವನು ತಟ್ಟೆಯ ಅಂಚಿನ ಅನ್ನದ ಅಗುಳುಗಳನ್ನು ಒಂದೊಂದಾಗಿ ನೇರ ಮಾಡತೊಡಗಿದ.

ಮಾರನೆಯ ಬೆಳಗ್ಗೆ ಅವಳು ಡಾಕ್ಟರ ಅಂಗಳದಲ್ಲಿ ಒಬ್ಬಳೇ ಇದ್ದಳು. ಮನೆಯವರು ನಿಜವಾಗಿಯೂ ಬೀಗದ ಕೈ ಅವಳಿಗೇ ಕೊಟ್ಟು ಹೋಗಿದ್ದರು. ಅವನು ಏಣಿಯನ್ನು ಗೋಡೆಗೆ ಒರಗಿಸಿ, ಹತ್ತದೆ, ಅದನ್ನೇ ಹಿಡಿದು ನಿಂತ.

“ಹೇಗೆ?” ಎಂದ. ಇಡೀ ರಾತ್ರಿ ಹೊಂದಿಸಿಟ್ಟುಕೊಂಡ ಮಾತುಗಳಲ್ಲಿ ಹೊರಬಂದದ್ದು ಅದೊಂದೇ.

ಅವಳು ಬಿಲ್ಲು ಕೆಳಗಿಟ್ಟಳು. ಗೊತ್ತಿಲ್ಲದವಳಂತೆ ನಟಿಸುವ ಮರ್ಯಾದೆಯನ್ನೂ ಅವನಿಗೆ ಕೊಡಲಿಲ್ಲ.

“ನೀನು ಮೇಲಿಂದ ನೋಡೋನು. ನಾನು ಅಟ್ಟದಲ್ಲಿ ನಿಂತು ಕೆಳಗಿಂದ ನೋಡೋಳು. ಹಳೇ ಮಾಡು ಅಂದ್ರೆ ಜರಡಿ ಇದ್ದಂಗೆ, ಎಲ್ಲಾ ಕಡೆ ಬೆಳಕಿನ ಚುಕ್ಕಿ. ಒಂದೇ ಒಂದು ಕಡೆ ಕಗ್ಗತ್ತಲು. ಅಷ್ಟು ಚೆನ್ನಾಗಿ ಮಣ್ಣು ಮೆತ್ತೋಕೆ ಅಲ್ಲಿ ಏನಿರಬಹುದು ಅನ್ನಿಸ್ತು.”

ಹದಿನೇಳು ವರ್ಷ ಅವನು ಹೆಮ್ಮೆಪಟ್ಟ ಕೈಗೆಲಸ ಅದು. ಸ್ವಲ್ಪ ಒರಟಾಗಿ ಮೆತ್ತಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ.

“ಎರಡು ವಾಪಸ್ ಕೊಟ್ಟರೆ ಊರೆಲ್ಲ ಬಾಗಿಲು ತೆಗೆಯುತ್ತೆ,” ಎಂದಳು ಮೆಲ್ಲಗೆ. “ನಿನ್ನ ಕಳ್ಳತನದಲ್ಲೇ ನಾನು ಒಳ್ಳೆಯವಳಾದೆ.”

“ಉಂಗುರ ನಿನಗೆ ಅಂತ ಇಟ್ಟಿದ್ದೆ.”

“ಗೊತ್ತು. ಬೆರಳಿನ ಟೊಪ್ಪಿಗೆ ಕದ್ದು ವಾಪಸ್ ಇಟ್ಟೆಯಲ್ಲ, ಕಿಲುಬು ಉಜ್ಜಿ ಹೊಳೆಸಿ ಇಟ್ಟಿದ್ದೀಯ. ಯಾವ ಕಳ್ಳ ಕದ್ದದ್ದನ್ನ ಬೆಳಗಿಟ್ಟು ಹೋಗ್ತಾನೆ?” ನಗು ಬಂದದ್ದನ್ನು ಅವಳು ಕೆನ್ನೆಯ ಒಳಗೆ ಕಚ್ಚಿ ಹಿಡಿದಳು. “ಅಲ್ಲ, ಮೇಷ್ಟ್ರ ಹೆಂಡತಿ ಉಂಗುರ ಹಾಕ್ಕೊಂಡು ನಾನು ಈ ಊರಲ್ಲಿ ಓಡಾಡೋಕೆ ಆಗುತ್ತಾ? ಇಷ್ಟು ಹುಷಾರಿ ಮನುಷ್ಯ, ಇದೊಂದು ಹೊಳೀಲಿಲ್ಲವಾ?”

ಹೊಳೆದಿರಲಿಲ್ಲ. ಅವಳ ವಿಷಯ ಬಂದರೆ ತನ್ನ ಬುದ್ಧಿ ಒಡೆದ ಹೆಂಚಾಗುತ್ತದೆ ಎಂದು ಹೇಳಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂತು. ಅವನು ಆಚೆ ನೋಡಿದ, ಈಚೆ ನೋಡಿದ, ಬೀದಿಯ ಕಡೆ ನೋಡಿದ.

ಅವಳು ಕಾದಳು. ಬಿಲ್ಲಿನ ತಂತಿಯ ಮೇಲೆ ಬೆರಳಿಟ್ಟುಕೊಂಡು, ಅದು ಸದ್ದು ಮಾಡದಂತೆ ಹಿಡಿದು ಕಾದಳು.

“ನಾಳೆ ಹೇಳ್ತೀನಿ,” ಎಂದ.

“ನಾಳೆ,” ಎಂದಳು ಅವಳು. ತಂತಿಯಿಂದ ಬೆರಳು ತೆಗೆದಳು. ‘ಟೊಂಯ್.’

ಆ ನಾಳೆಯ ಮಧ್ಯಾಹ್ನ ಮೋಡ ಮಾಡಿನಷ್ಟು ಕೆಳಗಿಳಿದಿತ್ತು. ಅವನು ಡಾಕ್ಟರ ಅಂಗಳಕ್ಕೆ ಹೋದರೆ ಬಾಗಿಲಿಗೆ ಬೀಗ. ತನ್ನನ್ನು ತಾನೇ ಬೈದುಕೊಳ್ಳುತ್ತ ಮನೆಗೆ ಬಂದರೆ, ಅಕ್ಕ ಹೊಸ್ತಿಲಲ್ಲೇ ಖುಷಿಯಿಂದ ಕೂತಿದ್ದಳು. ಹತ್ತಿಯವಳು ಬೆಳಗ್ಗೆ ಬಂದಿದ್ದಳಂತೆ. ಅಕ್ಕನ ಹಾಸಿಗೆ ಹಿಂಜಿ ಹೊಲಿದು ಕೊಟ್ಟಳಂತೆ, ಬಿಟ್ಟಿ.

“ನಾನು ಅಡುಗೆ ಮಾಡ್ತಿದ್ದಾಗ ನಿನ್ನದೂ ಬಿಚ್ಚಿ ನೋಡಿದಳು. ಹತ್ತಿ ಪೂರಾ ಹಾಳಾಗಿದೆ, ಇಲ್ಲಿ ಆಗೋದಿಲ್ಲ ಅಂತ ಸುತ್ತಿ ಹೊತ್ಕೊಂಡು ಹೋದಳು. ಎಷ್ಟು ಭಾರ ಅಂತೀಯ, ನಾನೇ ಬೀದಿವರೆಗೆ ಕೈ ಕೊಟ್ಟೆ.”

ಅವನು ಓಡಿದ. ಚಪ್ಪಲಿ ಇರಲಿಲ್ಲ. ಏಣಿಯನ್ನು ಬೀದಿಯಲ್ಲೇ ಬಿಟ್ಟಿದ್ದ.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವನ ನೀಲಿ ಪಟ್ಟೆಯ ಹಾಸಿಗೆ ಸುರುಳಿಯಾಗಿ ಕೂತಿತ್ತು. ಅದರ ಮೇಲೆ ಅವಳು ಕೂತಿದ್ದಳು.

“ಹದಿನೇಳು ವರ್ಷದ್ದು,” ಎಂದ, ಏದುಸಿರು ಬಿಡುತ್ತ.

“ಅದಕ್ಕೇ ಇಷ್ಟು ಗಂಟು.”

ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿತು. ಮುಂದಿನ ಊರಿನ ಹತ್ತಿ ಅಂಗಡಿಗೆ ಇಳಿಸಿ ಎಂದು ಹೇಳಿ, ಅವಳು ಹಾಸಿಗೆಯನ್ನು ಬಸ್ಸಿನ ಮೇಲಕ್ಕೆ ಹಾಕಿಸಿದಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು. ಈಗ ಅವಳ ಕೆನ್ನೆಯೊಳಗೆ ನಗು ಇರಲಿಲ್ಲ.

“ಕೂಗು,” ಎಂದಳು. “ಕಳ್ಳಿ ಅಂತ ಕೂಗು, ಹಾಸಿಗೆ ಇಳಿಸ್ತಾರೆ. ಇಲ್ಲ ಬೇರೆ ಏನಾದ್ರೂ ಹೇಳೋದಿದ್ರೆ ಹೇಳು. ಎರಡಕ್ಕೂ ಟೈಮ್ ಇಲ್ಲ. ತಿಂಗಳಂತೂ ಇಲ್ಲವೇ ಇಲ್ಲ.”

ಕಂಡಕ್ಟರ್ ಸೀಟಿ ಬಾಯಿಗಿಟ್ಟುಕೊಂಡ. ಕಿಟಕಿಗಳಿಂದ ಇಪ್ಪತ್ತು ಮುಖಗಳು ನೋಡುತ್ತಿದ್ದವು. ಅವನು ಹಾಸಿಗೆಯನ್ನು ನೋಡಿದ, ಮೆಟ್ಟಿಲ ಮೇಲಿನ ಕಾಲನ್ನು ನೋಡಿದ.

“ಹಾಸಿಗೆ ಹೋಗಲಿ,” ಎಂದ. ದನಿ ಅವನಿಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು. “ನೀನು ಇಳಿ. ನೀನು ಹೋದರೆ ನನಗೆ ಆಗೋದಿಲ್ಲ.”

ಸೀಟಿ ಕೇಳಿತು. ಬಸ್ ಹೋಯಿತು, ನೀಲಿ ಪಟ್ಟೆ ತಿರುವಿನವರೆಗೆ ಕಾಣಿಸಿ ಮರೆಯಾಯಿತು. ರಸ್ತೆಯ ಧೂಳಿನಲ್ಲಿ ಅವಳು ನಿಂತಿದ್ದಳು. ಮೊದಲ ಹನಿ ಅವಳ ಹುಬ್ಬಿನ ಹತ್ತಿಯ ಮೇಲೆ ಬಿತ್ತು.

ಅವನು ನಾಲ್ಕು ದಿಕ್ಕೂ ನೋಡದೆ ಕೈ ಚಾಚಿದ. ಅವಳ ಬೆರಳಿನ ಟೊಪ್ಪಿಗೆ ತಣ್ಣಗೆ ಅಂಗೈಗೆ ತಾಗಿತು.

ಸ್ವಲ್ಪ ದೂರ ನಡೆದ ಮೇಲೆ ಅವಳು ಕೇಳಿದಳು, “ಅಕ್ಕ ಮಧ್ಯಾಹ್ನ ಮಲಗ್ತಾರಾ?”

“ಮಲಗ್ತಾಳೆ. ಯಾಕೆ?”

“ಹಾಗಾದ್ರೆ ಬೇಗ ನಡಿ. ಬಸ್ಸಲ್ಲಿ ಹೋದದ್ದು ಬರೀ ಕಸದ ಹತ್ತಿ, ಭಾರಕ್ಕೆ ನಿನ್ನವೇ ನಾಲ್ಕು ಒಡಕು ಹೆಂಚು. ನಿನ್ನ ಹದಿನೇಳು ವರ್ಷ ಅಕ್ಕನ ಹಾಸಿಗೆಯೊಳಗಿದೆ.” ಮಳೆ ಜೋರಾಯಿತು, ಅವಳು ಅವನ ಕೈ ಹಿಡಿದು ಎಳೆದಳು. “ಡಾಕ್ಟರ ಗಡಿಯಾರವನ್ನೂ ಅದರೊಳಗೇ ಹಾಕಿದ್ದೀನಿ, ಕೀಲಿ ಬೇರೆ ಕೊಟ್ಟುಬಿಟ್ಟಿದ್ದೀನಿ. ಅಕ್ಕ ತಲೆ ಇಟ್ಟರೆ ಟಿಕ್ ಟಿಕ್ ಕೇಳಿಸುತ್ತೆ.”