ಕೆಂಪು ಗೆರೆ, ಹಸಿರು ಗೆರೆ

"ಮೇಷ್ಟ್ರೇ, ಇದೇನಿದು?"

ಅವಳು ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದಳು. ಇಂಗ್ಲಿಷ್ ವ್ಯಾಕರಣ, ಇಪ್ಪತ್ತಕ್ಕೆ ಸೊನ್ನೆ. ಪಕ್ಕದಲ್ಲಿ ಮೇಷ್ಟ್ರ ಕೈಬರಹ: 'ಎಲ್ಲದಕ್ಕೂ ಒಂದೇ ಗೆರೆ.'

ಆಸ್ಪತ್ರೆಯ ಆಯಾಗಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡಲು ಬಂದವನು ಅವನು. ವಾಕ್ಯದಲ್ಲಿ ನೌನ್ ಇದ್ದಲ್ಲಿ ಕೆಂಪು ಗೆರೆ, ವರ್ಬ್ ಇದ್ದಲ್ಲಿ ಹಸಿರು ಗೆರೆ ಎಳೆಯಬೇಕು. ಆಸ್ಪತ್ರೆ ಕೊಟ್ಟ ಪುಸ್ತಕದ ಪದ್ಧತಿ ಅದು. ಉಳಿದವರೆಲ್ಲ ಗೆರೆಯ ಕೆಳಗೆ ಯಾವುದು ನೌನ್, ಯಾವುದು ವರ್ಬ್ ಎಂದು ಬರೆದೂ ಇದ್ದರು. ಇವಳು ಪುಸ್ತಕ ಹೇಳಿದಷ್ಟೇ ಮಾಡಿದ್ದಳು, ಬರೀ ಗೆರೆ.

ಪಾಸಾದವರಿಗೆ ಕೆಲಸ ಖಾಯಂ, ಫೇಲಾದವರು ತಿಂಗಳ ಕೊನೆಗೆ ಮನೆಗೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಆ ಮನೆಗೆ ಅವಳ ಸಂಬಳವೊಂದೇ ದಿಕ್ಕು.

"ಎರಡು ಬಣ್ಣ ಇದೆಯಲ್ಲ, ಕಾಣ್ತಿಲ್ವಾ?"

ಅವನು ತಲೆ ಎತ್ತಲಿಲ್ಲ. "ಮಾರ್ಕ್ಸ್ ಪಟ್ಟಿ ಮೇಲಿನವರಿಗೆ ಹೋಗಿಬಿಟ್ಟಿದೆ..."

ಓಹೋ, ಸೇಡು! ಹೋದ ವಾರ ತಾನೇ, ಮನೆಗೆ ಬಂದು ಅಪ್ಪನ ಹತ್ತಿರ ಮದುವೆ ಮಾತಾಡಲೇ ಎಂದು ಕೇಳಿದ್ದ. ಬೇಡ ಎಂದಿದ್ದಳು. ಮನಸ್ಸಿನ ತುಂಬ ಅವನೇ ಇದ್ದ ನಿಜ... ಆದರೆ ತಾನು ಹೊರಟುಹೋದರೆ ಅಪ್ಪನಿಗೆ ಯಾರು?

"ಬೇಡ ಅಂದಿದ್ದಕ್ಕೆ ನನ್ನ ಹೊಟ್ಟೆ ಮೇಲೆ ಹೊಡೆದ್ರಿ, ಅಲ್ವಾ?"

ಪುಣ್ಯಾತ್ಮ ಪುಸ್ತಕ ಎತ್ತಿ ಚೀಲಕ್ಕೆ ಹಾಕಿಕೊಂಡ. ಇಂಥವನಿಗೆ ಮನಸ್ಸು ಕೊಟ್ಟೆನಲ್ಲ ಎಂದು ತನ್ನನ್ನೇ ಶಪಿಸಿಕೊಳ್ಳುತ್ತಾ ಅವಳು ಹೊರಬಂದಳು.

ತಿಂಗಳ ಕೊನೆಗೆ ಸಮವಸ್ತ್ರ ಒಗೆದು, ಮಡಚಿ, ವಾಪಸು ಕೊಟ್ಟಳು. ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ರಜೆ ಎಂದು ಸುಳ್ಳು ಹೇಳಿದಳು. ಮೂರನೆಯ ದಿನ ಬೆಳಿಗ್ಗೆ ಅಪ್ಪನ ಮೈ ಒರೆಸುತ್ತಿದ್ದಾಗ ಬಾಗಿಲಲ್ಲಿ ಅವನು ನಿಂತಿದ್ದ.

"ನನಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತೆ," ಎಂದ. "ಹುಟ್ಟಿದಾಗಿಂದ."

ಅವಳು ಒದ್ದೆ ಬಟ್ಟೆ ಹಿಡಿದೇ ಎದ್ದು ಬಾಗಿಲಿಗೆ ಬಂದಳು.

"ಕ್ಲಾಸಲ್ಲಿ ಯಾವುದು ಕೆಂಪು, ಯಾವುದು ಹಸಿರು ಅಂತ ಎಲ್ಲರ ಕೈಲೂ ಓದಿಸ್ತಿದ್ದೆನಲ್ಲ, ಅದಕ್ಕೇ. ನಿಮ್ಮ ಪೇಪರ್ ನೋಡಿದಾಗ ಎರಡು ಬಣ್ಣ ಇರಬಹುದು ಅಂತ ಅನುಮಾನ ಬಂತು. ಪಕ್ಕದಲ್ಲಿದ್ದವರನ್ನ ಒಂದು ಮಾತು ಕೇಳಿದ್ರೆ ಸಾಕಿತ್ತು. ಕೇಳಿದ್ರೆ ಗುಟ್ಟು ರಟ್ಟಾಗುತ್ತೆ ಅಂತ... ಸೊನ್ನೆ ಹಾಕಿಬಿಟ್ಟೆ."

ಒಂದೇ ಒಂದು ಮಾತು! ಅದನ್ನು ಕೇಳಲು ನಾಚಿಕೆಪಟ್ಟು ಇವನು ಅವಳ ಅನ್ನ ಕಿತ್ತುಕೊಂಡಿದ್ದ. ಒದ್ದೆ ಬಟ್ಟೆಯನ್ನು ಅವಳು ನೆಲಕ್ಕೆ ಬಿಸಾಡಿದಳು.

"ನಿನ್ನೆ ಮೇಲಿನವರಿಗೆ ಎಲ್ಲ ಹೇಳಿದೆ. ಬೇರೆಯವರ ಕೈಲಿ ತಿದ್ದಿಸಿದ್ರು, ಹತ್ತೊಂಬತ್ತು ಬಂತು. ಆದ್ರೆ ನಿಮ್ಮ ಜಾಗ ತುಂಬಿಬಿಟ್ಟಿದೆಯಂತೆ. ನನ್ನನ್ನೂ ತೆಗೆದುಹಾಕಿದ್ರು."

"ಯಾರಮ್ಮಾ ಅದು?" ಮಂಚದಿಂದ ಅಪ್ಪ ತೊದಲಿದರು.

ಬಾಗಿಲು ಹಾಕಿಬಿಡಬೇಕೆಂದು ಅವಳಿಗೆ ಅನಿಸಿತು. ಅವನ ಮುಖ ನೋಡಿದ ಮೇಲೆ ಕೈ ಬರಲಿಲ್ಲ. ಹಾಳು ಪ್ರೀತಿ, ಕೆಲಸದ ಜೊತೆಗೆ ಅದೂ ತೊಲಗಿದ್ದರೆ ಎಷ್ಟೋ ಚೆನ್ನಾಗಿತ್ತು!

"ಅವತ್ತು ಬೇಡ ಅಂದಿದ್ದು ಅಪ್ಪನಿಗೋಸ್ಕರ," ಎಂದಳು. ಕಣ್ಣು ತುಂಬಿ ಬಂತು. "ನೀವು ಬೇಡ ಅಂತಲ್ಲ."

"ಅಪ್ಪನ್ನ ಇಬ್ಬರೂ ನೋಡ್ಕೊಳ್ಳೋಣ. ಕೂಲಿ ಮಾಡಿಯಾದ್ರೂ..." ಎಂದ. "ನನ್ನ ಕ್ಷಮಿಸ್ತೀರಾ?"

"ಇಲ್ಲ."

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಈ ಕೋಪ ಮದುವೆಯಾದ್ಮೇಲೂ ಇರುತ್ತೆ, ತಿಳ್ಕೊಳ್ಳಿ."

"ಇರ್ಲಿ. ಸಾಯೋವರೆಗೂ ಬೈಸ್ಕೋತೀನಿ."